ಅಪ್ಪನ ಕೈ ನಡುಗಿದರೆ ಮಗನ ಕೈಯೂ ನಡುಗಬೇಕೇ?

ಕಳೆದ ಸಂಚಿಕೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ (ಕೈ ನಡುಗಿಸಿ ನಡಿಗೆ ನಿಧಾನ ಮಾಡುವ ಕಂಪವಾತದ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಡೊಂಬಿವಲಿಯಿಂದ ವಾಸ್ಕೋವರೆಗೆ ಪತ್ರಗಳು ಬಂದಿವೆ. ಹೆಚ್ಚಿನವರ ಕಳವಳ ಒಂದೇ: ಇದು ಮನೆತನದಲ್ಲಿ ಇಳಿದು ಬರುತ್ತದೆಯೇ? ಈ ತಿಂಗಳ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ.

ಡೊಂಬಿವಲಿ ಪೂರ್ವದಿಂದ

ಡಾಕ್ಟರೇ, ನನಗೆ 41 ವರ್ಷ. ಕಾರ್ಕಳ ಮೂಲದವರು. ಅಪ್ಪನಿಗೆ ಆರು ವರ್ಷಗಳಿಂದ ಪಾರ್ಕಿನ್ಸನ್ ಇದೆ. ಕಚೇರಿಯ ಗೆಳೆಯರು ಮಾಡಿಸಿದರೆಂದು ನಾನೂ ಎಂಜಲಿನ ಮಾದರಿ ಕಳುಹಿಸಿ ಜೀನ್ ಪರೀಕ್ಷೆ ಮಾಡಿಸಿದೆ. ‘ಎಲ್‌ಆರ್‌ಆರ್‌ಕೆ-2’ ಎಂಬ ಜೀನ್‌ನಲ್ಲಿ ಒಂದು ವ್ಯತ್ಯಾಸವಿದೆ, ಅದರ ಅರ್ಥ ನಿಶ್ಚಯವಾಗಿಲ್ಲ ಎಂದು ವರದಿ ಬಂತು. ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ ಪಾರ್ಕಿನ್ಸನ್ ಎಂದಿದೆ. ಅಂದಿನಿಂದ ನಿದ್ದೆಯಿಲ್ಲ. ಲೋಕಲ್‌ನಲ್ಲಿ ನಿಂತಾಗಲೆಲ್ಲ ಕೈ ನೋಡಿಕೊಳ್ಳುತ್ತೇನೆ. ಮಕ್ಕಳಿಬ್ಬರಿಗೆ ಒಂಬತ್ತು ಮತ್ತು ಆರು ವರ್ಷ. ಅವರಿಗೂ ಪರೀಕ್ಷೆ ಮಾಡಿಸಲೇ? ತಂಗಿಗೆ ಸಂಬಂಧ ನೋಡುತ್ತಿದ್ದೇವೆ, ಗಂಡಿನ ಕಡೆಯವರಿಗೆ ಹೇಳಬೇಕೇ?

ಉತ್ತರ: ಮೊದಲು ಆ ಕೆಂಪು ಅಕ್ಷರದ ಭಯ ಇಳಿಸೋಣ. ವಿಜ್ಞಾನಿಗಳು ಇಟ್ಟುಕೊಂಡಿರುವ ಮಾದರಿ ಡಿಎನ್‌ಎಗೆ ನಿಮ್ಮದನ್ನೋ ನನ್ನದನ್ನೋ ಹೋಲಿಸಿದರೆ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಅವುಗಳಲ್ಲಿ ಬಹುಪಾಲು ನಮಗೆ ಕೇಡನ್ನೂ ಮಾಡುವುದಿಲ್ಲ, ಒಳಿತನ್ನೂ ಮಾಡುವುದಿಲ್ಲ. ಎಲ್‌ಆರ್‌ಆರ್‌ಕೆ-2 ಬಹಳ ದೊಡ್ಡ ಜೀನ್. ಅದರಿಂದ ತಯಾರಾಗುವ ಪ್ರೋಟೀನ್ 2,527 ಅಮೈನೋ ಆಮ್ಲಗಳ ಸರಪಳಿ. ಅಷ್ಟು ಉದ್ದದ ಬರಹದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆಯಾಗಿರುವುದು ಸಹಜ. ‘ಅರ್ಥ ನಿಶ್ಚಯವಾಗಿಲ್ಲ’ ಎಂದರೆ ಕಾಯಿಲೆ ಅರ್ಧ ಬಂದಿದೆ ಎಂದಲ್ಲ. ಈ ವ್ಯತ್ಯಾಸವನ್ನು ಕಂಡ ಅನುಭವ ಪ್ರಯೋಗಾಲಯದವರಿಗೆ ಸಾಲದು ಎಂದಷ್ಟೇ.

ಅನುಭವ ಸಾಲದಿರುವುದಕ್ಕೂ ಕಾರಣವಿದೆ. ಜಗತ್ತಿನ ಜೀನ್ ದಾಖಲೆಗಳಲ್ಲಿ ಇಷ್ಟು ಕಾಲ ಯುರೋಪ್ ಮೂಲದವರೇ ತುಂಬಿಕೊಂಡಿದ್ದರು. ಕಾರ್ಕಳದ ಒಂದು ಮನೆತನದಲ್ಲಿ ತಲೆತಲಾಂತರದಿಂದ ಯಾರಿಗೂ ತೊಂದರೆ ಕೊಡದೆ ಬಂದಿರಬಹುದಾದ ಅಕ್ಷರ ಆ ದಾಖಲೆಗಳ ಮುಂದೆ ಅಪರಿಚಿತವಾಗಿ ಕಾಣುತ್ತದೆ. ನಮ್ಮ ದೇಶದ 10,000 ಜನರ ಡಿಎನ್‌ಎ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯ ಮಾಹಿತಿ ಸಂಶೋಧಕರ ಕೈಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಇಂಥ ಅನಿಶ್ಚಿತ ವ್ಯತ್ಯಾಸಗಳ ಅರ್ಥ ಮುಂದೆ ತಿಳಿದಾಗ ಹೆಚ್ಚಿನವು ನಿರಪಾಯ ಎಂದೇ ತೀರ್ಮಾನವಾಗುತ್ತವೆ. ಎರಡು ವರ್ಷ ಬಿಟ್ಟು ಅದೇ ಪ್ರಯೋಗಾಲಯಕ್ಕೆ ಬರೆದು, ಅರ್ಥವೇನಾದರೂ ಬದಲಾಗಿದೆಯೇ ಎಂದು ಕೇಳಿ. ಅದಕ್ಕಿಂತ ಹೆಚ್ಚಿನ ಮರ್ಯಾದೆ ಆ ಕಾಗದಕ್ಕೆ ಬೇಡ.

ಈ ಜೀನ್‌ಗೂ ಪಾರ್ಕಿನ್ಸನ್‌ಗೂ ಇರುವ ನಂಟು ಗೊತ್ತಾದದ್ದು 2004ರಲ್ಲಿ. ಅಧ್ಯಯನಕ್ಕೆ ಒಳಗಾದವರಲ್ಲಿ ಸ್ಪೇನ್‌ನ ಬಾಸ್ಕ್ ಸೀಮೆಯ ಕುಟುಂಬಗಳಿದ್ದವು. ಬಾಸ್ಕ್ ನುಡಿಯಲ್ಲಿ ನಡುಕಕ್ಕೆ ‘ದರ್ದರ’ ಎನ್ನುತ್ತಾರಂತೆ. ಹಾಗಾಗಿ ಪ್ರೋಟೀನ್‌ಗೆ ‘ದರ್ದರಿನ್’ ಎಂದು ಹೆಸರಿಟ್ಟರು. ನಮ್ಮ ‘ಥರಥರ’ಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಆದರೂ ಆ ಹೆಸರು ಓದಿದಾಗಲೆಲ್ಲ ನನಗೆ ಊರಿನ ಮಾತು ಕೇಳಿದಂತಾಗುತ್ತದೆ. ಈ ಜೀನ್‌ನಲ್ಲಿ ನಿಜವಾಗಿ ಕಾಯಿಲೆಗೆ ದಾರಿ ಮಾಡುವ ಪ್ರಸಿದ್ಧ ವ್ಯತ್ಯಾಸದ ಹೆಸರು ‘ಜಿ2019ಎಸ್’. ಅಶ್ಕೆನಾಜಿ ಯಹೂದಿಗಳಲ್ಲಿ ಮತ್ತು ಉತ್ತರ ಆಫ್ರಿಕದವರಲ್ಲಿ ಅದು ಹೆಚ್ಚು. ಭಾರತೀಯ ರೋಗಿಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಅತಿ ವಿರಳ. ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೆ ಬ್ರಿನ್ ತಮ್ಮಲ್ಲಿ ಆ ವ್ಯತ್ಯಾಸ ಇದೆಯೆಂದು 2008ರಲ್ಲಿ ತಾವೇ ಹೇಳಿಕೊಂಡರು. ಅವರ ತಾಯಿಗೆ ಪಾರ್ಕಿನ್ಸನ್ ಇತ್ತು. ಆ ವ್ಯತ್ಯಾಸವನ್ನು ಹೊತ್ತವರಲ್ಲೂ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಎಂಬತ್ತರ ವಯಸ್ಸಿಗೆ ಎಷ್ಟು ಜನರಿಗೆ ಬರುತ್ತದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಓಡಾಡುತ್ತದೆ. ನೀವು ಪತ್ರದ ಅಡಿಯಲ್ಲಿ ಬರೆದುಕೊಟ್ಟ ಸಂಕೇತವನ್ನು ನೋಡಿದೆ. ನಿಮ್ಮದು ಜಿ2019ಎಸ್ ಅಲ್ಲ.

ನಾನು ಮೆಡಿಕಲ್ ಕಾಲೇಜಿನಲ್ಲಿದ್ದಾಗ ಪಾರ್ಕಿನ್ಸನ್ ವಂಶದಿಂದ ಬರುವ ಕಾಯಿಲೆಯಲ್ಲ ಎಂದೇ ಕಲಿಸಿದ್ದರು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನ ರೋಗಿಗಳನ್ನು ವರ್ಣಿಸಿ ಪುಸ್ತಿಕೆ ಬರೆದ ಮೇಲೆ ಬಹುಕಾಲ ಆ ಅಭಿಪ್ರಾಯವೇ ಗಟ್ಟಿಯಾಗಿತ್ತು. 1997ರಲ್ಲಿ ಇಟಲಿಯ ಕೊಂತುರ್ಸಿ ಎಂಬ ಊರಿನ ಮೂಲದ ಒಂದು ದೊಡ್ಡ ಕುಟುಂಬದಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್‌ನ ಜೀನ್‌ನಲ್ಲಿ ದೋಷ ಸಿಕ್ಕಿತು. ಆ ಪ್ರೋಟೀನೇ ಮುದ್ದೆಗಟ್ಟಿ ರೋಗಿಗಳ ಮೆದುಳಿನ ಕೋಶಗಳಲ್ಲಿ ಕುಳಿತಿರುತ್ತದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಆಮೇಲೆ ಒಂದರ ಹಿಂದೆ ಒಂದು ಜೀನ್. 2009ರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ ಅಧ್ಯಯನ, ಜಿಬಿಎ-1 ಎಂಬ ಜೀನ್‌ನ ದೋಷ ರೋಗಿಗಳಲ್ಲಿ ಇತರರಿಗಿಂತ ಐದು ಪಟ್ಟು ಹೆಚ್ಚಾಗಿ ಸಿಗುತ್ತದೆ ಎಂದು ತೋರಿಸಿತು. ಬೆಳಿಗ್ಗೆ ನಮ್ಮ ಓಣಿಗೆ ಬರುವ ಕಸದ ಘಂಟಾಗಾಡಿ ಮಾಡುವ ಕೆಲಸವನ್ನೇ ಈ ಜೀನ್ ತಯಾರಿಸುವ ಕಿಣ್ವ ಜೀವಕೋಶದೊಳಗೆ ಮಾಡುತ್ತದೆ. ಗಾಡಿ ವಾರಕ್ಕೆ ಎರಡೇ ಸಲ ಬಂದರೆ ಕಸ ನಿಲ್ಲುವಂತೆ, ಕಿಣ್ವ ಕಡಿಮೆಯಾದರೆ ಬೇಡದ ಪ್ರೋಟೀನ್ ಒಳಗೆ ನಿಲ್ಲುತ್ತದೆ. ಆದರೂ ಈ ದೋಷ ಹೊತ್ತವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಪಾರ್ಕಿನ್ಸನ್ ಬರುವುದಿಲ್ಲ. 2019ರ ಇನ್ನೊಂದು ದೊಡ್ಡ ಅಧ್ಯಯನ ಡಿಎನ್‌ಎಯಲ್ಲಿ 90 ಕಡೆ ಸಣ್ಣ ಸಣ್ಣ ಅಪಾಯಗಳನ್ನು ಗುರುತಿಸಿತು. ಒಂದೊಂದೂ ಚಿಲ್ಲರೆ ಕಾಸು. ಎಲ್ಲ ಸೇರಿದರೂ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬೆರಳಿಟ್ಟು ಹೇಳಲು ಆಗುವುದಿಲ್ಲ.

ನಿಮಗೆ ಬೇಕಾದ ಲೆಕ್ಕ ಇಷ್ಟೇ. ಜೀವಮಾನದಲ್ಲಿ ಪಾರ್ಕಿನ್ಸನ್ ಬರುವ ಸಾಧ್ಯತೆ ಎಲ್ಲರಿಗೂ ನೂರಕ್ಕೆ ಒಂದೋ ಎರಡೋ. ತಂದೆಗೋ ತಾಯಿಗೋ ಇದ್ದರೆ ಅದು ಎರಡು ಮೂರು ಪಟ್ಟಾಗುತ್ತದೆ. ಅಂದರೆ ನಿಮ್ಮಂಥ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ತೊಂಬತ್ತೈದರ ಆಸುಪಾಸು ಜನರಿಗೆ ಅದು ಬರುವುದಿಲ್ಲ.

ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ನನ್ನ ತಂದೆ ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಅವರು ಹೋದ ಮೇಲೆ ಕಪಾಟಿನಲ್ಲಿ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕವು. 1986ರ ಪುಸ್ತಕದಲ್ಲಿ ಅವರ ಅಕ್ಷರ ದುಂಡಗೆ, ಗೆರೆಯಿಂದ ಗೆರೆಗೆ ತುಂಬಿ ನಿಂತಿದೆ. 1989ರ ಪುಸ್ತಕದಲ್ಲಿ ಸಾಲು ಸರಿಯಾಗಿಯೇ ಶುರುವಾಗುತ್ತದೆ, ಕೊನೆಗೆ ಬರುವ ಹೊತ್ತಿಗೆ ಅಕ್ಷರ ಇರುವೆಯಷ್ಟಾಗುತ್ತದೆ. ‘ತೆಂಗಿನಕಾಯಿ 40’ ಎಂದು ಬರೆದ ಕಡೆ ‘ತೆಂಗಿನ’ ಎಂಬುದು ಬರಿಗಣ್ಣಿಗೆ ಕಾಣುತ್ತದೆ, ‘ಕಾಯಿ’ಗೆ ಭೂತಗನ್ನಡಿ ಬೇಕು. ಅವರಿಗೆ ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದ್ದು 1993ರಲ್ಲಿ, ಕೈ ನಡುಗಲು ಶುರುವಾದ ಮೇಲೆ. ಅಕ್ಷರ ಚಿಕ್ಕದಾಗುವುದು, ನಡೆಯುವಾಗ ಒಂದು ಕೈ ಬೀಸದೆ ಮೈಗೆ ಅಂಟಿಕೊಳ್ಳುವುದು, ಒಗ್ಗರಣೆಯ ಇಂಗಿನ ವಾಸನೆಯೂ ತಿಳಿಯದಾಗುವುದು, ವರ್ಷಗಟ್ಟಲೆ ಮಲಬದ್ಧತೆ, ಕನಸಿನಲ್ಲಿ ಕಂಡದ್ದಕ್ಕೆ ನಿದ್ದೆಯಲ್ಲೇ ಕೈ ಬೀಸಿ ಒದ್ದಾಡುವುದು: ಇವು ನಡುಕಕ್ಕಿಂತ ಮೊದಲೇ ಬಾಗಿಲು ತಟ್ಟುವ ಸೂಚನೆಗಳು. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಹಲವು ಒಟ್ಟಿಗೆ ಕಂಡರೆ ನರತಜ್ಞರ ಬಳಿ ಹೋಗಿ. ಲೋಕಲ್‌ನಲ್ಲಿ ಕೈ ನೋಡಿಕೊಳ್ಳುವುದನ್ನು ಮಾತ್ರ ಬಿಡಿ. ಭಯಪಟ್ಟು ದಿಟ್ಟಿಸಿದರೆ ಯಾರ ಕೈಯಾದರೂ ಸ್ವಲ್ಪ ನಡುಗುತ್ತದೆ.

ನಾನು ಇದುವರೆಗೆ ಜೀನ್ ಪರೀಕ್ಷೆ ಮಾಡಿಸಿಕೊಂಡಿಲ್ಲ. ಪಾರ್ಕಿನ್ಸನ್ ಬಾರದಂತೆ ತಡೆಯುವ ಔಷಧ ಇಂದು ಯಾವುದೂ ಇಲ್ಲ. ವರದಿ ಏನೇ ಬಂದರೂ ನಾಳೆ ಬೆಳಿಗ್ಗೆ ನಾನು ಮಾಡುವುದು ಒಂದೇ, ಬಿರುಸಿನ ನಡಿಗೆ. ವ್ಯಾಯಾಮ ಮಾಡುವವರಲ್ಲಿ ಈ ಕಾಯಿಲೆ ಕಡಿಮೆ ಕಾಣುತ್ತದೆ ಎಂಬುದು ಹಲವು ಅಧ್ಯಯನಗಳ ಮಾತು. ಎಲ್‌ಆರ್‌ಆರ್‌ಕೆ-2, ಜಿಬಿಎ-1 ದೋಷ ಇರುವವರಿಗಾಗಿ ಔಷಧಗಳ ಪ್ರಯೋಗ ವಿದೇಶಗಳಲ್ಲಿ ನಡೆಯುತ್ತಿದೆ. ಅವು ಫಲ ಕೊಟ್ಟ ದಿನ ರಕ್ತ ಕೊಡುವ ಸಾಲಿನಲ್ಲಿ ನಾನೇ ಮೊದಲು ನಿಲ್ಲುತ್ತೇನೆ.

ಮಕ್ಕಳಿಗೆ ಪರೀಕ್ಷೆ ಖಂಡಿತ ಬೇಡ. ದೊಡ್ಡವರಾದ ಮೇಲೆ ಬರಬಹುದಾದ, ಈಗ ತಡೆಯಲಾಗದ ಕಾಯಿಲೆಗೆ ಚಿಕ್ಕ ಮಕ್ಕಳನ್ನು ಪರೀಕ್ಷಿಸಬಾರದು ಎಂಬುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿರುವ ನಿಯಮ. ತಿಳಿಯಬೇಕೋ ಬೇಡವೋ ಎಂಬುದು ಅವರು ದೊಡ್ಡವರಾಗಿ ತೆಗೆದುಕೊಳ್ಳಬೇಕಾದ ತೀರ್ಮಾನ, ಅದನ್ನು ನೀವು ಕಿತ್ತುಕೊಳ್ಳಬೇಡಿ.

ತಂಗಿಯ ಮಾತು. ನಿಮ್ಮ ವರದಿಯಲ್ಲಿ ಯಾರಿಗೂ ಹೇಳಬೇಕಾದ ಸಂಗತಿ ಏನೂ ಇಲ್ಲ, ಹೇಳಬೇಡಿ. ಆದರೆ ಅಪ್ಪನ ಕಾಯಿಲೆಯನ್ನು ಮುಚ್ಚಿಡಬೇಡಿ. ಹೆಣ್ಣು ನೋಡಲು ಬಂದ ದಿನ ಅವರನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳನ್ನು ನಾನು ಕಂಡಿದ್ದೇನೆ. ನಡುಗುವ ಕೈಯಿಂದಲೇ ಅವರು ಬಂದವರಿಗೆ ನಮಸ್ಕಾರ ಮಾಡಲಿ. ಅದನ್ನು ಕಂಡು ಎದ್ದು ಹೋಗುವವರ ಮನೆಗೆ ನಿಮ್ಮ ತಂಗಿ ಹೋಗದಿರುವುದೇ ಲೇಸು.

ಇನ್ನೊಂದು ಮಾತು ಹೇಳದೆ ಬಿಡಲಾರೆ. ನಿಮ್ಮ ಪತ್ರ ಮೂರು ಪುಟ ಇದೆ. ಅಪ್ಪನ ಬಗ್ಗೆ ಇರುವುದು ಒಂದೇ ಸಾಲು. ಅವರು ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪ ಮಾತ್ರೆಯನ್ನು ಊಟದ ಜೊತೆ ನುಂಗುತ್ತಿದ್ದಾರೆಯೇ? ಬೇಳೆ, ಮೊಸರು, ಮೀನಿನ ಪ್ರೋಟೀನ್ ಆ ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ, ಅವರ ವೈದ್ಯರನ್ನು ಕೇಳಿ ನೋಡಿ. ಮನೆಯಿಂದ ಹೊರಗೆ ಬರುತ್ತಾರೆಯೇ? ‘ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ’ 2001ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿದೆ. ರೋಗಿಗಳನ್ನೂ ಮನೆಯವರನ್ನೂ ಒಟ್ಟುಗೂಡಿಸಿ ವ್ಯಾಯಾಮ ಮಾಡಿಸುತ್ತದೆ, ಮಾತನಾಡಿಸುತ್ತದೆ. ವಿಚಾರಿಸಿ ಅವರನ್ನು ಕರೆದುಕೊಂಡು ಹೋಗಿ.

ಭಾಂಡುಪ್‌ನಿಂದ

ನಮ್ಮದು ಬಂಟರ ಮನೆ, ಅಳಿಯಕಟ್ಟಿನವರು. ನಮ್ಮಲ್ಲಿ ಬಳಿ, ಅಂದರೆ ವಂಶದ ಗುರುತು, ತಾಯಿಯಿಂದ ಇಳಿಯುತ್ತದೆ. ಅಪ್ಪನಿಗೆ ಪಾರ್ಕಿನ್ಸನ್ ಬಂದು ಹತ್ತು ವರ್ಷ. ‘ನೀನು ನನ್ನ ಬಳಿಯವಳು, ಅಪ್ಪನ ಬಳಿಯದು ನಿನಗೆ ಇಳಿಯುವುದಿಲ್ಲ’ ಎಂದು ಅಮ್ಮ ಧೈರ್ಯ ಹೇಳುತ್ತಾರೆ. ನಿಜವೇ?

ಉತ್ತರ: ಅಮ್ಮ ಪ್ರೀತಿಯಿಂದ ಹೇಳಿದ್ದಾರೆ, ಆದರೆ ನಿಜವಲ್ಲ. ನಮ್ಮ ದೇಹದಲ್ಲಿ ಬಳಿಯ ಹಾಗೆ ತಾಯಿಯಿಂದ ಮಾತ್ರ ಇಳಿಯುವ ಡಿಎನ್‌ಎ ಒಂದಿದೆ. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದೊಳಗೆ ಇರುತ್ತದೆ. ಅದರಲ್ಲಿರುವುದು 37 ಜೀನ್ ಮಾತ್ರ. ಉಳಿದ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳು ವರ್ಣತಂತುಗಳ ಮೇಲೆ ಕುಳಿತಿವೆ. ಒಂದು ಪ್ರತಿ ಅಮ್ಮನದು, ಒಂದು ಅಪ್ಪನದು. ಆಲ್ಫಾ-ಸಿನ್ಯೂಕ್ಲೀನ್‌ನ ಜೀನ್ ನಾಲ್ಕನೆಯ ವರ್ಣತಂತುವಿನಲ್ಲಿದೆ, ಎಲ್‌ಆರ್‌ಆರ್‌ಕೆ-2 ಹನ್ನೆರಡನೆಯದರಲ್ಲಿ. ಅಪ್ಪನಿಗೆ ಅಂಥ ದೋಷ ಇದ್ದರೆ ಮಗಳಿಗೂ ಮಗನಿಗೂ ಅದು ಇಳಿಯುವ ಸಾಧ್ಯತೆ ಸರಿಸಮ, ಅರ್ಧಕ್ಕರ್ಧ. ಆದರೆ ಪಾರ್ಕಿನ್ಸನ್ ಇರುವ ಹೆಚ್ಚಿನವರಲ್ಲಿ ಅಂಥ ಒಂಟಿ ದೋಷ ಯಾವುದೂ ಇರುವುದಿಲ್ಲ. ನಿಮ್ಮ ಧೈರ್ಯಕ್ಕೆ ಆ ಕಾರಣ ಸಾಕು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಬಳಿ ಬೇರೆಯಾದರೆ ರಕ್ತಸಂಬಂಧ ಇಲ್ಲ ಎಂದು ನಮ್ಮ ಕಡೆ ಹಲವರು ನಂಬಿದ್ದಾರೆ. ಸೋದರಮಾವನ ಮಗನ ಬಳಿ ಬೇರೆ, ನಿಮ್ಮ ಬಳಿ ಬೇರೆ. ಆದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ. ಇದು ಏಕೆ ಮುಖ್ಯ ಎಂಬುದು ಈ ಪುಟದ ಕೊನೆಯ ಪತ್ರದಲ್ಲಿದೆ.

ವಾಸ್ಕೋದ ಬೈನಾದಿಂದ

ಅಮ್ಮನಿಗೆ 63. ನಾಲ್ಕು ತಿಂಗಳಿಂದ ಎರಡೂ ಕೈ ನಡುಗುತ್ತಿವೆ, ನಡಿಗೆ ನಿಧಾನವಾಗಿದೆ, ಮುಖದಲ್ಲಿ ನಗುವೇ ಇಲ್ಲ. ಹುಬ್ಬಳ್ಳಿಯಲ್ಲಿದ್ದ ಅಜ್ಜನಿಗೂ ತಲೆ ಅಲ್ಲಾಡುತ್ತಿತ್ತು. ಮನೆತನದ ಕಾಯಿಲೆ ಬಂತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಜೀನ್ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು? ಗ್ಯಾಸ್ ಮತ್ತು ತಲೆಸುತ್ತು ಬಿಟ್ಟರೆ ಅವರಿಗೆ ಬೇರೆ ತೊಂದರೆ ಇಲ್ಲ. ಅದಕ್ಕೆ ಒಂದು ವರ್ಷದಿಂದ ಮಾತ್ರೆ ನಡೆಯುತ್ತಿದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನೇ ನಾನು ಮೊದಲು ಓದಬೇಕಿತ್ತು. ಜೀನ್ ಪರೀಕ್ಷೆ ಸದ್ಯ ಬದಿಗಿಡಿ. ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಗ್ಯಾಸಿನ ಕ್ಯಾಪ್ಸೂಲಿನಲ್ಲಿ ‘ಲೆವೊಸಲ್ಪಿರೈಡ್’ ಎಂದಿದೆಯೇ? ತಲೆಸುತ್ತಿನ ಮಾತ್ರೆಯಲ್ಲಿ ‘ಸಿನ್ನಾರಿಜಿನ್’ ಅಥವಾ ‘ಫ್ಲುನಾರಿಜಿನ್’ ಎಂದಿದೆಯೇ? ವಾಂತಿಗೆ ಕೊಡುವ ‘ಮೆಟೊಕ್ಲೊಪ್ರಮೈಡ್’ ಕೂಡ ಇದೇ ಗುಂಪಿನದು. ಇವೆಲ್ಲ ಮೆದುಳಿನಲ್ಲಿ ಮೈಯ ಚಲನೆಯನ್ನು ನಡೆಸುವ ಡೋಪಮೈನ್ ಎಂಬ ರಾಸಾಯನಿಕ ಕೆಲಸ ಮಾಡದಂತೆ ತಡೆಯಬಲ್ಲವು. ತಿಂಗಳುಗಟ್ಟಲೆ ತೆಗೆದುಕೊಂಡ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಪಾರ್ಕಿನ್ಸನ್‌ನ ಪಡಿಯಚ್ಚಿನಂಥ ತೊಂದರೆ ತರುತ್ತವೆ. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಬದಿಯಲ್ಲಿ ಶುರುವಾಗಿ ವರ್ಷಗಳಲ್ಲಿ ಹರಡುತ್ತದೆ. ಅಮ್ಮನಿಗೆ ನಾಲ್ಕೇ ತಿಂಗಳಲ್ಲಿ ಎರಡೂ ಕೈಗೆ ಬಂದಿರುವುದರಿಂದಲೇ ನನಗೆ ಮಾತ್ರೆಯ ಮೇಲೆ ಅನುಮಾನ.

ಸ್ಟ್ರಿಪ್ ಹಿಡಿದು ವೈದ್ಯರ ಬಳಿ ಹೋಗಿ. ನೀವಾಗಿಯೇ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬೇಡಿ. ಮಾತ್ರೆ ಬಿಟ್ಟ ಮೇಲೆ ಸರಿಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಕೆಲವರಲ್ಲಿ ನಡುಕ ಪೂರ್ತಿ ಹೋಗುವುದಿಲ್ಲ. ಒಳಗೆ ಮೆಲ್ಲಗೆ ಶುರುವಾಗಿದ್ದ ಪಾರ್ಕಿನ್ಸನ್ ಮಾತ್ರೆಯ ನೆಪದಲ್ಲಿ ಮುಂಚೆಯೇ ಹೊರಬಿದ್ದಿರುತ್ತದೆ. ಹಾಗಾಗಿ ಆರು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಿ. ಕಳೆದ ವರ್ಷ ಪನ್ವೇಲ್‌ನಿಂದ ಬಂದ ಒಬ್ಬರು ಹದಿನೈದು ಪುಟದ ಜೀನ್ ವರದಿಯನ್ನು ಮೇಜಿನ ಮೇಲಿಟ್ಟರು. ನಡುಕಕ್ಕೆ ಕಾರಣವಾದ ಕ್ಯಾಪ್ಸೂಲ್ ಅವರ ಹೆಂಡತಿಯ ಚೀಲದಲ್ಲೇ ಇತ್ತು, ಅದನ್ನು ಯಾರೂ ಕೇಳಿರಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಅಜ್ಜನ ತಲೆ ಅಲ್ಲಾಡುತ್ತಿದ್ದುದು ಬಹುಶಃ ಬೇರೆ ಕಾಯಿಲೆ. ಪಾರ್ಕಿನ್ಸನ್‌ನಲ್ಲಿ ಗದ್ದ ನಡುಗಬಹುದು, ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗುತ್ತದೆ. ತಲೆ ಹೌದು-ಅಲ್ಲ ಎನ್ನುವಂತೆ ಆಡುವುದು, ಚಹಾದ ಕಪ್ಪು ಎತ್ತುವಾಗ ಕೈ ನಡುಗುವುದು ‘ಎಸೆನ್ಷಿಯಲ್ ಟ್ರೆಮರ್’ ಎಂಬ ಇನ್ನೊಂದು ನಡುಕದ ಲಕ್ಷಣ. ಮನೆತನದಲ್ಲಿ ಇಳಿಯುವುದು ಅದೇ ಹೆಚ್ಚು.

ಮಾಟುಂಗದಿಂದ

ಪಕ್ಕದ ಪಾರ್ಸಿ ಕಾಲೊನಿಯಲ್ಲಿ ಈ ಕಾಯಿಲೆಯವರು ಬಹಳ ಕಾಣುತ್ತಾರೆ. ಅದು ಅವರ ಜಾತಿಯದ್ದೇ?

ಉತ್ತರ: ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆ 1988ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ 328 ಜನರಿಗೆ ಪಾರ್ಕಿನ್ಸನ್ ಇತ್ತು. ಭಾರತದ ಇತರ ಸಮೀಕ್ಷೆಗಳಿಗಿಂತ ಇದು ಬಹಳ ಹೆಚ್ಚು. ಆದರೆ ಆ ಕಾಲೊನಿಗಳಲ್ಲಿ ವಯಸ್ಸಾದವರ ಪಾಲೂ ಬಹಳ ದೊಡ್ಡದು, ಪಾರ್ಕಿನ್ಸನ್‌ಗೆ ವಯಸ್ಸಿಗಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ವಯಸ್ಸನ್ನು ಸರಿದೂಗಿಸಿ ಲೆಕ್ಕ ಹಾಕಿದರೆ ಅಂಕಿ ಇಳಿಯುತ್ತದೆ. ಯಾರ ಜಾತಿಗೂ ಇದನ್ನು ಅಂಟಿಸಬೇಡಿ.

ಠಾಣೆಯಿಂದ

ಕಂಪವಾತಕ್ಕೆ ನಸುಗುನ್ನಿ ಬೀಜದ ಪುಡಿ ಒಳ್ಳೆಯದು ಎನ್ನುತ್ತಾರೆ. ಇಂಗ್ಲಿಷ್ ಮಾತ್ರೆ ಬಿಟ್ಟು ಅದನ್ನೇ ತೆಗೆದುಕೊಳ್ಳಬಹುದೇ?

ಉತ್ತರ: ನಸುಗುನ್ನಿಯಲ್ಲಿ ಲೆವೊಡೋಪ ಇರುವುದು ನಿಜ. ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿದ್ದು 1937ರಲ್ಲಿ, ಅದೇ ವಸ್ತು ಪಾರ್ಕಿನ್ಸನ್‌ಗೆ ಔಷಧವಾಗುವುದಕ್ಕೆ ಎಷ್ಟೋ ವರ್ಷ ಮೊದಲು. ಅಂದರೆ ನೀವು ಬಿಡಬೇಕೆಂದಿರುವ ಮಾತ್ರೆಯಲ್ಲೂ, ತಿನ್ನಬೇಕೆಂದಿರುವ ಪುಡಿಯಲ್ಲೂ ಇರುವುದು ಒಂದೇ ಮದ್ದು. ಪುಡಿಯಲ್ಲಿ ಎಷ್ಟಿದೆ ಎಂಬ ಅಳತೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಎರಡನ್ನೂ ಸೇರಿಸಿದರೆ ಮದ್ದು ಮಿತಿಮೀರಿ ಮೈ ತಾನಾಗಿ ಕುಣಿಯಲು ಶುರುವಾಗಬಹುದು. ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಮೈ ಮರಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಪುಡಿಯ ಡಬ್ಬಿಯನ್ನು ನರತಜ್ಞರಿಗೆ ತೋರಿಸದೆ ಒಂದು ಚಮಚವೂ ಬೇಡ.

ಪುಣೆಯ ಭೋಸರಿಯಿಂದ

ಅಕ್ಕಾ, ನನಗೆ 34. ವಿಜಯಪುರ ಜಿಲ್ಲೆಯವಳು. ಎರಡು ವರ್ಷದಿಂದ ಸಂಜೆಯಾದರೆ ಬಲಪಾದ ಒಳಕ್ಕೆ ತಿರುಚಿಕೊಳ್ಳುತ್ತದೆ. ಈಗ ಬಲಗೈಯೂ ನಡುಗುತ್ತದೆ, ರೊಟ್ಟಿ ಬಡಿಯಲು ಆಗುತ್ತಿಲ್ಲ. ನಿದ್ದೆ ಮಾಡಿ ಎದ್ದರೆ ಒಂದು ತಾಸು ಆರಾಮ ಇರುತ್ತದೆ. ಚಿಕ್ಕ ವಯಸ್ಸಿನ ಪಾರ್ಕಿನ್ಸನ್ ಇರಬಹುದು, ಜೀನ್ ಪರೀಕ್ಷೆ ಮಾಡಿಸಿ ಎಂದು ಇಲ್ಲಿನ ನರತಜ್ಞರು ಹೇಳಿದ್ದಾರೆ. ನಮ್ಮ ಅಪ್ಪ ಅವ್ವನಿಗೆ ಸೋದರಮಾವ. ತಮ್ಮನಿಗೂ ಸೋದರತ್ತೆಯ ಮಗಳನ್ನು ಗೊತ್ತು ಮಾಡಿದ್ದಾರೆ. ನನ್ನ ಗಂಡ ಹೊರಗಿನ ಸಂಬಂಧ. ‘ನಿಮ್ಮ ಮನೆತನದಲ್ಲೇ ಐಬಿದೆ’ ಎಂದು ಅತ್ತೆ ದಿನವೂ ಹೇಳುತ್ತಾರೆ. ಆರು ವರ್ಷದ ಮಗಳಿದ್ದಾಳೆ. ಅವಳಿಗೂ ಬರುತ್ತದೆಯೇ? ಇಷ್ಟು ದುಡ್ಡು ಹಾಕಿ ಪರೀಕ್ಷೆ ಮಾಡಿಸಬೇಕೇ?

ಉತ್ತರ: ತಂಗೀ, ಡೊಂಬಿವಲಿಯವರಿಗೆ ಜೀನ್ ವರದಿಯನ್ನು ಮಡಿಸಿಡಿ ಎಂದೆ. ನಿಮಗೆ ಮಾಡಿಸಿ ಎನ್ನುತ್ತೇನೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಪರೀಕ್ಷೆ ಆಗಲೇಬೇಕು.

ನಲವತ್ತರೊಳಗೆ ನಡುಕ, ಪಾದ ತಿರುಚುವಿಕೆ ಬಂದ ಪ್ರತಿಯೊಬ್ಬರಲ್ಲೂ ‘ವಿಲ್ಸನ್ ಕಾಯಿಲೆ’ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದರಲ್ಲಿ ಊಟದಿಂದ ಬರುವ ತಾಮ್ರ ಹೊರಹೋಗದೆ ಯಕೃತ್ತಿನಲ್ಲೂ ಮೆದುಳಿನಲ್ಲೂ ಕೂಡಿಕೊಳ್ಳುತ್ತದೆ. ಸೋದರಿಕೆಯಲ್ಲಿ ಮದುವೆಯಾದವರ ಮಕ್ಕಳಲ್ಲಿ ಅದೂ ಹೆಚ್ಚು. ಬೇಗ ಹಿಡಿದರೆ ತಾಮ್ರವನ್ನು ಹೊರಹಾಕುವ ಔಷಧ ಇದೆ, ತಡವಾದರೆ ಕಳೆದುಕೊಂಡದ್ದು ಹಿಂದೆ ಬರುವುದಿಲ್ಲ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ವೈದ್ಯರು ಸೂಕ್ಷ್ಮದರ್ಶಕದ ದೀಪದಲ್ಲಿ ಕಣ್ಣಾಲಿಯ ಅಂಚಿನ ಉಂಗುರ ನೋಡುವುದು: ಇಷ್ಟು ಆಗಿದೆಯೇ ಎಂದು ನಿಮ್ಮ ಪತ್ರದಲ್ಲಿಲ್ಲ. ಆಗಿರದಿದ್ದರೆ ಕೂಡಲೇ ಮಾಡಿಸಿ.

ಅದು ಇಲ್ಲವೆಂದಾದರೆ ನೀವು ಹೇಳಿದ ಲಕ್ಷಣಗಳು ‘ಪಾರ್ಕಿನ್’ ಎಂಬ ಜೀನ್‌ನ ಕಡೆಗೆ ಬೆರಳು ತೋರಿಸುತ್ತವೆ. ಪಾದ ತಿರುಚುವುದರಿಂದ ಶುರುವಾಗುವುದು, ನಿದ್ದೆಯ ನಂತರ ಹಗುರಾಗುವುದು ಅದರ ಗುರುತು. ಜಪಾನಿನ ವೈದ್ಯರು ಈ ಜೀನ್ ಅನ್ನು 1998ರಲ್ಲಿ ಗುರುತಿಸಿದರು. ಜೀವಕೋಶದಲ್ಲಿ ಕೆಟ್ಟುಹೋದ ಮೈಟೊಕಾಂಡ್ರಿಯಗಳಿಗೆ ‘ಇದನ್ನು ತೆಗೆದುಹಾಕಿ’ ಎಂದು ಗುರುತು ಹಾಕುವುದು ಪಾರ್ಕಿನ್‌ನ ಕೆಲಸ. ಗುರುತು ಬೀಳದಿದ್ದರೆ ಕೆಟ್ಟದ್ದು ಒಳಗೇ ಉಳಿದು ಡೋಪಮೈನ್ ತಯಾರಿಸುವ ಕೋಶವನ್ನು ಕೊಲ್ಲುತ್ತದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಮಾತ್ರ ಈ ಬಗೆಯ ಕಾಯಿಲೆ ಬರುತ್ತದೆ. ಒಂದು ಚೆನ್ನಾಗಿದ್ದರೂ ಕೆಲಸ ಸಾಗುತ್ತದೆ.

ಅತ್ತೆಯವರ ಮಾತಿಗೆ ಉತ್ತರ ಇದರಲ್ಲೇ ಇದೆ. ಕೆಟ್ಟ ಪ್ರತಿ ಒಂದೆರಡಾದರೂ ಇಲ್ಲದ ಮನುಷ್ಯರೇ ಇಲ್ಲ. ನಾನೂ ಹೊತ್ತಿದ್ದೇನೆ, ನಿಮ್ಮ ಅತ್ತೆಯವರೂ ಹೊತ್ತಿರುತ್ತಾರೆ. ಜೋಡಿ ಸಿಗದ ಕಾರಣ ಅವು ಸುಮ್ಮನಿವೆ. ಸೋದರಿಕೆ ಹೊಸ ದೋಷವನ್ನು ಹುಟ್ಟಿಸುವುದಿಲ್ಲ. ಒಬ್ಬರೇ ಮುತ್ತಜ್ಜನಲ್ಲಿದ್ದ ಒಂದು ಕೆಟ್ಟ ಪ್ರತಿ ಎರಡು ದಾರಿಯಿಂದ ಇಳಿದು ಒಂದೇ ಮಗುವಿನಲ್ಲಿ ಸೇರುವ ಅವಕಾಶವನ್ನು ಹೆಚ್ಚಿಸುತ್ತದೆ. ಸೋದರಮಾವ-ಸೊಸೆಯ ಮಕ್ಕಳಲ್ಲಿ ಯಾವುದೇ ಒಂದು ಜೀನ್‌ನ ಎರಡೂ ಪ್ರತಿ ಹಾಗೆ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು, ಅತ್ತೆ-ಮಾವಂದಿರ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಹೊಲ ಹಂಚಿ ಹೋಗಬಾರದು, ಮಗಳು ಕಣ್ಣಳತೆಯಲ್ಲಿರಬೇಕು ಎಂದು ಹಿರಿಯರು ಮಾಡಿದ ಮದುವೆ ಅದು. ನಿಮ್ಮ ಅಪ್ಪ ಅವ್ವ ತಪ್ಪು ಮಾಡಿದರೆಂದು ಯಾರ ಬಾಯಲ್ಲೂ ಬರಬಾರದು, ನಿಮ್ಮ ಬಾಯಲ್ಲಂತೂ ಬೇಡ.

ಪರೀಕ್ಷೆ ಏಕೆ ಬೇಕು ಎಂದರೆ, ಉತ್ತರ ಸಿಕ್ಕರೆ ಮಾಡಲು ಕೆಲಸವಿದೆ. ಪಾರ್ಕಿನ್ ದೋಷದ ಕಾಯಿಲೆ ನಿಧಾನವಾಗಿ ಸಾಗುತ್ತದೆ, ನೆನಪು ಬುದ್ಧಿ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿಯುತ್ತವೆ. ಲೆವೊಡೋಪದ ಸಣ್ಣ ಪ್ರಮಾಣವೂ ಚೆನ್ನಾಗಿ ನಾಟುತ್ತದೆ, ಆದರೆ ಮೈ ತಾನಾಗಿ ಆಡುವ ತೊಂದರೆಯೂ ಬೇಗ ಬರಬಲ್ಲದು. ಹೀಗೆಂದು ಗೊತ್ತಿದ್ದರೆ ನರತಜ್ಞರು ಮೊದಲಿನಿಂದಲೇ ಕೈ ಬಿಗಿಹಿಡಿದು ಔಷಧ ಕೊಡುತ್ತಾರೆ. ಪ್ರಯೋಗಾಲಯಕ್ಕೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಜೀನ್‌ನ ತುಂಡುಗಳೇ ಬಿಟ್ಟುಹೋಗಿದ್ದರೆ ನಿಮ್ಮ ಪರೀಕ್ಷೆ ಅದನ್ನು ಹಿಡಿಯುತ್ತದೆಯೇ? ಪಾರ್ಕಿನ್‌ನಲ್ಲಿ ಅಂಥ ದೋಷವೇ ಸಾಮಾನ್ಯ, ಅಕ್ಷರ ಓದುವ ಮಾಮೂಲಿ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದು. ಅದಕ್ಕೆ ‘ಎಂಎಲ್‌ಪಿಎ’ ಎಂಬ ವಿಧಾನ ಬೇಕು.

ನಿಮ್ಮಲ್ಲಿ ಎರಡೂ ಪ್ರತಿ ಕೆಟ್ಟಿವೆ ಎಂದು ತಿಳಿದರೆ ಮಗಳಿಗೆ ನಿಮ್ಮಿಂದ ಒಂದು ಕೆಟ್ಟ ಪ್ರತಿ ಬಂದೇ ಇರುತ್ತದೆ. ಅಪ್ಪನಿಂದ ಬಂದದ್ದು ಚೆನ್ನಾಗಿದ್ದರೆ ಅವಳಿಗೆ ಈ ಕಾಯಿಲೆ ಬರುವುದಿಲ್ಲ. ನಿಮ್ಮ ಗಂಡ ಹೊರಗಿನ ಸಂಬಂಧವಾದ್ದರಿಂದ ಅದು ಚೆನ್ನಾಗಿಯೇ ಇರುವ ಸಾಧ್ಯತೆ ಬಹಳ ಹೆಚ್ಚು. ಅವಳ ಬಗ್ಗೆ ನಿಶ್ಚಿಂತೆಯಿಂದಿರಿ. ನನ್ನ ಚಿಂತೆ ಇರುವುದು ತಮ್ಮನ ಮದುವೆಯ ಬಗ್ಗೆ. ಅವನಲ್ಲಿ ಎರಡೂ ಪ್ರತಿ ಕೆಟ್ಟಿರದಿದ್ದರೂ ಒಂದು ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಸೋದರತ್ತೆಯ ಮಗಳೂ ಅದನ್ನೇ ಹೊತ್ತಿದ್ದರೆ ಅವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮ ವರದಿ ಬರುವವರೆಗೆ ತಾಂಬೂಲ ಬದಲಿಸಿಕೊಳ್ಳುವುದು ಬೇಡ ಎಂದು ಅಪ್ಪನಿಗೆ ಹೇಳಿ. ನಿಮ್ಮ ಮಾತು ಕೇಳದಿದ್ದರೆ ನಾನೇ ಅವರಿಗೆ ಕನ್ನಡದಲ್ಲಿ ಒಂದು ಕಾಗದ ಬರೆದುಕೊಡುತ್ತೇನೆ. ಸಂಪಾದಕರ ಮೂಲಕ ತಿಳಿಸಿ.

ಎರಡು ಕೆಟ್ಟ ಪ್ರತಿಗಳಲ್ಲಿ ಒಂದು ಅಪ್ಪನದು, ಒಂದು ಅವ್ವನದು ಎಂದು ಖಚಿತಪಡಿಸಲು ಇಬ್ಬರ ರಕ್ತವೂ ಬೇಕಾಗುತ್ತದೆ. ಅದಕ್ಕೆ ಅವಸರವಿಲ್ಲ, ಬಿಳಿಜೋಳದ ಸುಗ್ಗಿ ಮುಗಿಸಿಕೊಂಡು ಬರಲಿ. ತಾಮ್ರದ ಪರೀಕ್ಷೆಯನ್ನು ಮಾತ್ರ ಈ ವಾರವೇ ಮಾಡಿಸಿ.